ದಿವಾಳಿಯ ಪಟ್ಟಿಯಿಂದ ಮತ್ತೆ ತುಂಬಿದ ಮನೆ

ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡಾಂ ನಗರದಲ್ಲಿ, ವಾಟರ್‌ಲೋಪ್ಲೇನ್ ಮೆಟ್ರೊ ನಿಲ್ದಾಣಕ್ಕೆ ಕೆಲವೇ ನಿಮಿಷಗಳ ನಡಿಗೆಯಷ್ಟು ಹತ್ತಿರದಲ್ಲಿ, ಯೋಡೆನ್‌ಬ್ರೇಸ್ಟ್ರಾಟ್ ಬೀದಿಯ 4ನೆಯ ಸಂಖ್ಯೆಯ ಮನೆಯಲ್ಲಿ ಚಿತ್ರಕಾರ ರೆಂಬ್ರಾಂಟ್ 1639ರಿಂದ 1658ರವರೆಗೆ ವಾಸವಾಗಿದ್ದನು. ಇಂದು ಅದು ‘ರೆಂಬ್ರಾಂಟ್‌ಹೌಸ್’ ಹೆಸರಿನ ವಸ್ತುಸಂಗ್ರಹಾಲಯವಾಗಿದೆ. ಕಲಾವಿದರ ಮನೆಗಳನ್ನು ನೋಡಲು ಹೋಗುವವರು ಸಾಮಾನ್ಯವಾಗಿ ನಿರೀಕ್ಷಿಸುವುದು ಅವರು ಕುಳಿತ ಕುರ್ಚಿಯನ್ನು, ಹಿಡಿದ ಕುಂಚವನ್ನು, ಮಲಗಿದ ಹಾಸಿಗೆಯನ್ನು. ಇಲ್ಲಿ ಅಂಥದ್ದು ಸಿಗುವುದಿಲ್ಲ, ಏಕೆಂದರೆ ಸಾಲ ತೀರಿಸಲಾರದ ರೆಂಬ್ರಾಂಟನ ವಸ್ತುಗಳು ಅವನು ಬದುಕಿರುವಾಗಲೇ ಹರಾಜಾಗಿ ಊರೂರುಗಳಿಗೆ ಚದುರಿಹೋದವು. ಆದರೂ 17ನೆಯ ಶತಮಾನದ ಬೇರೆ ಹೆಚ್ಚಿನ ಚಿತ್ರಕಾರರ ಮನೆಗಳ ಬಗೆಗೆ ಇಷ್ಟು ವಿವರವಾಗಿ, ಯಾವ ಕೋಣೆಯಲ್ಲಿ ಏನಿತ್ತೆಂದು ಹೇಳುವುದು ಕಷ್ಟ. ಈ ಮನೆಯ ಮಟ್ಟಿಗೆ ಅದನ್ನು ಸಾಧ್ಯವಾಗಿಸಿದ್ದು ಮನೆಯನ್ನು ಬರಿದು ಮಾಡುವುದಕ್ಕೆಂದೇ ಅಧಿಕಾರಿಗಳು ಬರೆದುಕೊಂಡ ಒಂದು ಪಟ್ಟಿ.

ಬೀದಿಯಿಂದ ನೋಡಿದರೆ ಮನೆ ಗಂಭೀರವಾಗಿದೆ. ಎತ್ತರದ ಕಿಟಕಿಗಳ ಸಾಲು, ಅವುಗಳಿಗೆ ಮರದ ಹೊರಬಾಗಿಲು, ನೆತ್ತಿಯಲ್ಲಿ ಪ್ರಾಚೀನ ಗ್ರೀಕ್ ದೇವಾಲಯಗಳನ್ನು ನೆನಪಿಸುವ ತ್ರಿಕೋನಾಕಾರದ ಶಿಖರಭಾಗ. ಸುಮಾರು 1606ರಲ್ಲಿ, ಎಂದರೆ ರೆಂಬ್ರಾಂಟ್ ಲೈಡನ್ ನಗರದಲ್ಲಿ ಹುಟ್ಟಿದ ವರ್ಷದ ಆಸುಪಾಸಿನಲ್ಲಿ ಕಟ್ಟಿದ ಈ ಮನೆಗೆ 1620ರ ದಶಕದ ಕೊನೆಯಲ್ಲಿ ಆ ಕಾಲದ ಹೊಸ ಅಭಿರುಚಿಗೆ ಒಪ್ಪುವ ಮುಂಭಾಗ ಬಂತು. ಪಕ್ಕದಲ್ಲೇ ಚಿತ್ರವ್ಯಾಪಾರಿ ಹೆಂಡ್ರಿಕ್ ಆಯ್ಲೆನ್‌ಬರ್ಖ್‌ನ ಮನೆಯಿತ್ತು. ಲೈಡನ್ನಿನಿಂದ ಬಂದ ರೆಂಬ್ರಾಂಟ್ ಮೊದಲು ಅಲ್ಲೇ ಇದ್ದು ಭಾವಚಿತ್ರಗಳನ್ನು ಬರೆದು ಹೆಸರು ಮಾಡಿದನು, ಆ ವ್ಯಾಪಾರಿಯ ಬಂಧುವಾದ ಸಾಸ್ಕಿಯಾಳನ್ನು 1634ರಲ್ಲಿ ಮದುವೆಯಾದನು.

1639ರ ಜನವರಿಯಲ್ಲಿ ರೆಂಬ್ರಾಂಟ್ ಈ ಮನೆಯನ್ನು 13,000 ಗಿಲ್ಡರ್‌ಗಳಿಗೆ ಕೊಂಡನು. ಗಿಲ್ಡರ್ ಎಂಬುದು ಅಂದಿನ ಡಚ್ ನಾಣ್ಯ. ಮೂರು ವರ್ಷಗಳ ಮೇಲೆ ಅವನು ಮುಗಿಸಿದ, ಇಂದು ಜಗತ್ತಿನ ಅತಿ ಪ್ರಸಿದ್ಧ ಚಿತ್ರಗಳಲ್ಲಿ ಒಂದಾದ ‘ರಾತ್ರಿ ಪಹರೆ’ಗೆ ದೊರೆತ ಸಂಭಾವನೆ ಸುಮಾರು 1,600 ಗಿಲ್ಡರ್ ಎಂದರೆ, ಅಂಥ ಎಂಟು ಮಹಾಚಿತ್ರಗಳ ಗಳಿಕೆ ಈ ಒಂದು ಮನೆಗೆ ಬೇಕಾಗಿತ್ತು. ಬೆಲೆಯ ಕಾಲು ಭಾಗವನ್ನು ಮೊದಲ ವರ್ಷದೊಳಗೆ, ಉಳಿದದ್ದನ್ನು ಐದಾರು ವರ್ಷಗಳಲ್ಲಿ ಬಡ್ಡಿಸಮೇತ ಕೊಡುವುದೆಂದು ಒಪ್ಪಂದವಾಯಿತು. ಮೂವತ್ತೆರಡು ವರ್ಷದ, ಕೈತುಂಬ ಕೆಲಸವಿದ್ದ ಚಿತ್ರಕಾರನಿಗೆ ಅದು ಎಟುಕದ ಮಾತೆನಿಸಿರಲಿಕ್ಕಿಲ್ಲ. ಆದರೆ ಆ ಬಾಕಿ ಪೂರ್ತಿಯಾಗಿ ತೀರಲೇ ಇಲ್ಲ; ಮನೆಯ ಕಥೆಯೆಲ್ಲ ಆ ತೀರದ ಬಾಕಿಯ ಸುತ್ತಲೇ ನಡೆಯುತ್ತದೆ.

ಈ ಬೀದಿಗೆ ಅದರದೇ ಆದ ಚರಿತ್ರೆಯಿದೆ. ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ ಮತಹಿಂಸೆಗೆ ಗುರಿಯಾಗಿ ಬಂದ ಯಹೂದಿಗಳು, ಆಮೇಲೆ ಪೂರ್ವ ಯುರೋಪಿನಿಂದ ಬಂದ ಯಹೂದಿಗಳು ಇಲ್ಲಿ ನೆಲೆಸಿದರು. ರಬ್ಬಿಯೂ (ಯಹೂದಿ ಧರ್ಮಗುರು) ಪುಸ್ತಕ ಮುದ್ರಕನೂ ಆಗಿದ್ದ ಮೆನಾಸೆ ಬೆನ್ ಇಸ್ರಾಯೆಲ್ ಇದೇ ಕೇರಿಯವನು. ಅವನ ಒಂದು ಪುಸ್ತಕಕ್ಕೆ ರೆಂಬ್ರಾಂಟ್ 1655ರಲ್ಲಿ ಚಿತ್ರಗಳನ್ನು ಕೊರೆದುಕೊಟ್ಟನು. ತತ್ತ್ವಜ್ಞಾನಿ ಸ್ಪಿನೋಜಾ 1632ರಲ್ಲಿ ಹುಟ್ಟಿದ್ದೂ ಈ ಕೇರಿಯಲ್ಲಿಯೇ. ರೆಂಬ್ರಾಂಟ್ ಬೈಬಲ್ಲಿನ ಹಿರಿಯರನ್ನು ಬರೆಯುವಾಗ ಆ ಮುಖಗಳಲ್ಲಿ ಕಾಣುವ ಬದುಕಿನ ದಣಿವು, ಗಾಂಭೀರ್ಯಗಳಿಗೆ ಈ ನೆರೆಹೊರೆಯೂ ಒಂದು ಕಾರಣವೆಂದು ನಂಬಲು ಅಡ್ಡಿಯಿಲ್ಲ. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಇಲ್ಲಿಯ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದರು; 1944-45ರ ಹಸಿವಿನ ಚಳಿಗಾಲದಲ್ಲಿ ಉರುವಲಿಗಾಗಿ ಜನರು ಖಾಲಿ ಮನೆಗಳ ತೊಲೆ ಹಲಗೆಗಳನ್ನು ಕಿತ್ತೊಯ್ದುದರಿಂದ ಎಷ್ಟೋ ಮನೆಗಳು ಕುಸಿದವು; 1970ರ ದಶಕದಲ್ಲಿ ಮೆಟ್ರೊ ಕಾಮಗಾರಿಗಾಗಿ ಉಳಿದವುಗಳಲ್ಲಿ ಹಲವು ನೆಲಸಮವಾದವು. ಇಂದು ಆ ಬೀದಿಯಲ್ಲಿ ನಿಂತವರಿಗೆ ರೆಂಬ್ರಾಂಟನ ಮನೆ ಒಂಟಿಯಾಗಿ ಕಾಣುವುದಕ್ಕೆ ಅದರ ವಯಸ್ಸಷ್ಟೇ ಕಾರಣವಲ್ಲ, ಅದರ ನೆರೆಯವರನ್ನು ಇತಿಹಾಸ ಅಳಿಸಿಹಾಕಿದ್ದೂ ಕಾರಣ.

ಒಳಹೊಕ್ಕ ಕೂಡಲೇ ಸಿಗುವ ಮುಂದಿನ ಹಜಾರದಲ್ಲಿಯೂ ಅದರ ಪಕ್ಕದ ಕೋಣೆಯಲ್ಲಿಯೂ ಗೋಡೆಯ ತುಂಬ ಚಿತ್ರಗಳನ್ನು ತೂಗುಹಾಕಲಾಗಿದೆ. ರೆಂಬ್ರಾಂಟ್ ಚಿತ್ರ ಬರೆಯುತ್ತಿದ್ದವನು ಮಾತ್ರವಲ್ಲ, ಇತರರ ಚಿತ್ರಗಳನ್ನು ಕೊಂಡು ಮಾರುತ್ತಿದ್ದ ವ್ಯಾಪಾರಿಯೂ ಆಗಿದ್ದನು. ಗಿರಾಕಿಗಳನ್ನು ಕೂರಿಸಿ, ದ್ರಾಕ್ಷಾರಸ ಕೊಟ್ಟು, ಚಿತ್ರಗಳನ್ನು ತೋರಿಸುತ್ತಿದ್ದ ಜಾಗ ಇದು. ಗೋಡೆಯ ಮೇಲೆ ಈಗ ಇರುವವು ಹೆಚ್ಚಾಗಿ ಅವನ ಗುರು ಪೀಟರ್ ಲಾಸ್ಟ್‌ಮನ್, ಅವನ ಶಿಷ್ಯರು ಮತ್ತು ಸಮಕಾಲೀನರ ಚಿತ್ರಗಳು. ರೆಂಬ್ರಾಂಟನ ದೊಡ್ಡ ತೈಲಚಿತ್ರಗಳನ್ನು ನೋಡಬೇಕೆಂದರೆ ಅದೇ ಊರಿನ ರೈಕ್ಸ್‌ಮ್ಯೂಸಿಯಮ್ಮಿಗೆ ಹೋಗಬೇಕು. ಇದನ್ನು ತಿಳಿಯದೆ ಬಂದವರಿಗೆ ಮೊದಲ ಕೋಣೆಯಲ್ಲಿ ಕೊಂಚ ನಿರಾಸೆಯಾಗುವುದುಂಟು.

ಆದರೆ ಈ ಮನೆಯನ್ನು ನೋಡುವ ಸರಿಯಾದ ಕ್ರಮ ಬೇರೆಯೇ ಇದೆ. 1656ರ ಜುಲೈ 25 ಮತ್ತು 26ರಂದು ಆಮ್‌ಸ್ಟರ್‌ಡಾಮಿನ ದಿವಾಳಿ ಕಚೇರಿಯ ಗುಮಾಸ್ತರು ಕೋಣೆಯಿಂದ ಕೋಣೆಗೆ ನಡೆಯುತ್ತ, ಕಣ್ಣಿಗೆ ಬಿದ್ದ ಒಂದೊಂದನ್ನೂ ಬರೆದುಕೊಂಡರು. ಹೀಗೆ ತಯಾರಾದ ಚರಾಸ್ತಿ ಪಟ್ಟಿಯಲ್ಲಿ 363 ನಮೂದುಗಳಿವೆ. ಅದು ಮುಂದಿನ ಹಜಾರದ ಚಿತ್ರಗಳಿಂದ ಆರಂಭವಾಗಿ, ಮಹಡಿ ಹತ್ತಿ, ಶಿಷ್ಯರ ಕೋಣೆಗಳನ್ನು ಹೊಕ್ಕು, ಅಡುಗೆಮನೆಯ ಪಾತ್ರೆಗಳನ್ನು ಎಣಿಸಿ, ಕೊನೆಗೆ ಅಗಸರ ಮನೆಗೆ ಹೋಗಿದ್ದ ಬಟ್ಟೆಗಳವರೆಗೆ ಬಂದು ನಿಲ್ಲುತ್ತದೆ: ಗಂಡಸರ ಮೂರು ಅಂಗಿ, ಆರು ಕರವಸ್ತ್ರ, ಹನ್ನೆರಡು ಊಟದ ಕೈವಸ್ತ್ರ, ಮೂರು ಮೇಜುಹಾಸು, ಕೆಲವು ಕೊರಳಪಟ್ಟಿಗಳು. ಸಾಲ ಕೊಟ್ಟವರ ಹಿತ ಕಾಯುವುದಷ್ಟೇ ಕೆಲಸವಾಗಿದ್ದ ಗುಮಾಸ್ತರಿಗೆ ತಾವು ಕಲೆಯ ಇತಿಹಾಸ ಬರೆಯುತ್ತಿದ್ದೇವೆಂಬ ಕಲ್ಪನೆ ಇರಲಾರದು, ಆದರೆ ಒಬ್ಬ ಮಹಾಕಲಾವಿದನ ದಿನನಿತ್ಯದ ಬದುಕಿನ ಬಗ್ಗೆ ಅವರಷ್ಟು ನಿಷ್ಪಕ್ಷಪಾತವಾಗಿ ಬರೆದವರು ಕಡಿಮೆ. ಅದರಲ್ಲಿ ಹೊಗಳಿಕೆಯಿಲ್ಲ, ಮರುಕವೂ ಇಲ್ಲ. ಇಂದು ಮನೆಯ ಕೋಣೆಗಳಲ್ಲಿ ಕಾಣುವ ಕುರ್ಚಿ, ಮಂಚ, ಕಪಾಟು, ಆಯುಧ, ಪ್ರತಿಮೆಗಳೆಲ್ಲ ಆ ಪಟ್ಟಿಯನ್ನು ಓದಿ, ಅದೇ ಕಾಲದ ಬೇರೆ ವಸ್ತುಗಳನ್ನು ಹುಡುಕಿ ತಂದು ಇಟ್ಟವುಗಳು.

ಕೆಳ ಅಂತಸ್ತಿನ ಅಡುಗೆಮನೆಯಲ್ಲಿ ದೊಡ್ಡ ಒಲೆಗೂಡೂ ಗೋಡೆಯೊಳಗೆ ಹುದುಗಿಸಿದ ಪೆಟ್ಟಿಗೆ ಮಂಚವೂ ಇವೆ. ಪೆಟ್ಟಿಗೆ ಮಂಚವೆಂದರೆ ಕಪಾಟಿನಂತೆ ಬಾಗಿಲು ಮುಚ್ಚಿಕೊಳ್ಳುವ ಮಲಗುವ ಗೂಡು. ಚಳಿಯ ದೇಶದಲ್ಲಿ ಮೈಯ ಕಾವು ಉಳಿಸಿಕೊಳ್ಳಲು ಮಾಡಿಕೊಂಡ ಉಪಾಯ. ಮನೆಯವರು ವಾಸಿಸುತ್ತಿದ್ದ ಕೋಣೆಯಲ್ಲೂ ಅಂಥದೊಂದು ಮಂಚವಿದೆ. ಈ ಮನೆಯಲ್ಲಿ ಮೂವರು ಹೆಂಗಸರ ಬದುಕು ಹಾದುಹೋಯಿತು. ಸಾಸ್ಕಿಯಾಳ ಮೊದಲ ಮೂರು ಮಕ್ಕಳು ಎಳವೆಯಲ್ಲೇ ತೀರಿಕೊಂಡು, 1641ರಲ್ಲಿ ಹುಟ್ಟಿದ ಟೀಟಸ್ ಒಬ್ಬನೇ ಉಳಿದನು. ಮರುವರ್ಷ ಸಾಸ್ಕಿಯಾಳೂ ತೀರಿಕೊಂಡಳು. ಮಗುವನ್ನು ನೋಡಿಕೊಳ್ಳಲು ಬಂದ ಗೇರ್ಟಿಯಾ ಡಿರ್ಕ್ಸ್ ರೆಂಬ್ರಾಂಟನ ಸಂಗಾತಿಯಾದಳು, ಮದುವೆಯ ಮಾತು ಕೊಟ್ಟು ತಪ್ಪಿದನೆಂದು 1649ರಲ್ಲಿ ಅವನ ಮೇಲೆ ದೂರು ಕೊಟ್ಟು ವರ್ಷಕ್ಕೆ 200 ಗಿಲ್ಡರ್ ಜೀವನಾಂಶ ಪಡೆದಳು, ಮರುವರ್ಷ ಅವನೇ ಮುಂದಾಗಿ ಅವಳನ್ನು ಖೌಡಾ ನಗರದ ಸುಧಾರಣಾಗೃಹದಲ್ಲಿ ಬಂಧನದಲ್ಲಿಡಿಸಿದನು. ಆಮೇಲೆ ಬಂದ ಹೆಂಡ್ರಿಕಿಯಾ ಸ್ಟೋಫೆಲ್ಸ್, ಮದುವೆಯಿಲ್ಲದೆ ಅವನೊಡನೆ ಬಾಳಿದ್ದಕ್ಕಾಗಿ 1654ರಲ್ಲಿ ಚರ್ಚಿನ ಮಂಡಳಿಯ ಮುಂದೆ ನಿಂತು ಶಿಕ್ಷೆ ಅನುಭವಿಸಬೇಕಾಯಿತು. ಅದೇ ವರ್ಷ ಅವಳಿಗೆ ಕಾರ್ನೇಲಿಯಾ ಹುಟ್ಟಿದಳು. ಮನುಷ್ಯನ ಮುಖದಲ್ಲಿ ಇಷ್ಟೊಂದು ಕರುಣೆಯನ್ನು ಕಂಡ ಕಲಾವಿದ ಗೇರ್ಟಿಯಾಳ ವಿಷಯದಲ್ಲಿ ಕ್ರೂರನಾಗಿದ್ದನು. ಅವನ ಚಿತ್ರಗಳ ದೊಡ್ಡತನ ಆ ಕ್ರೌರ್ಯವನ್ನು ಅಳಿಸುವುದಿಲ್ಲ, ಆ ಮನೆಯನ್ನು ಸುತ್ತುವವರು ಅವಳನ್ನು ಮರೆಯಲೂಬಾರದು.

ಇಕ್ಕಟ್ಟಾದ ಸುರುಳಿ ಮೆಟ್ಟಿಲುಗಳನ್ನು ಹತ್ತಿದರೆ ಮಹಡಿಯಲ್ಲಿ ದೊಡ್ಡ ಚಿತ್ರಶಾಲೆ ಸಿಗುತ್ತದೆ. ಬೀದಿಯ ಕಡೆಗಿರುವ ಅದರ ಎತ್ತರದ ಕಿಟಕಿಗಳು ಉತ್ತರಕ್ಕೆ ತೆರೆದಿವೆ. ಉತ್ತರಾರ್ಧಗೋಳದಲ್ಲಿ ಅಷ್ಟು ಮೇಲಿನ ಅಕ್ಷಾಂಶದ ಊರಿನಲ್ಲಿ ಉತ್ತರದ ಕಿಟಕಿಗೆ ನೇರ ಬಿಸಿಲು ಬಹುಮಟ್ಟಿಗೆ ಬೀಳದೆ, ಬೆಳಗಿನಿಂದ ಸಂಜೆಯವರೆಗೆ ಹೆಚ್ಚು ಏರಿಳಿತವಿಲ್ಲದ ತಣ್ಣನೆಯ ಬೆಳಕು ಬರುತ್ತದೆ. ವರ್ಣಗಳನ್ನು ಹೋಲಿಸಿ ನೋಡಬೇಕಾದ ಚಿತ್ರಕಾರರು ಅದಕ್ಕಾಗಿಯೇ ಉತ್ತರದ ಬೆಳಕನ್ನು ಬಯಸುತ್ತಾರೆ. ಕತ್ತಲೆಯೊಳಗಿಂದ ಒಂದು ಮುಖ, ಒಂದು ಕೈ, ಒಂದು ಕೊರಳಪಟ್ಟಿ ಮಾತ್ರ ಬೆಳಗಿ ಬರುವ ರೆಂಬ್ರಾಂಟನ ನೆರಳುಬೆಳಕಿನ ವಿನ್ಯಾಸವನ್ನು ಪುಸ್ತಕಗಳಲ್ಲಿ ನೋಡಿ ಅದು ಕೇವಲ ಕಲ್ಪನೆಯೆಂದು ಭಾವಿಸಿದ್ದವರಿಗೆ, ಮೋಡ ಕವಿದ ದಿನ ಈ ಕೋಣೆಯಲ್ಲಿ ನಿಂತರೆ ಅದರ ಬೇರು ಎಲ್ಲಿದೆಯೆಂದು ಕಣ್ಣಿಗೇ ಗೊತ್ತಾಗುತ್ತದೆ. ಕಿಟಕಿಯ ಹತ್ತಿರ ನಿಂತವರ ಮುಖದ ಒಂದು ಮಗ್ಗುಲು ಬೆಳಗುತ್ತದೆ, ಹಿಂದಿನ ಗೋಡೆ ಕಂದುಬಣ್ಣದ ಮಬ್ಬಿನಲ್ಲಿ ಕರಗುತ್ತದೆ. ಇಲ್ಲಿಯ ಮೇಜಿನ ಮೇಲೆ ಸೀಸದ ಬಿಳಿ, ಕಾವಿಮಣ್ಣು, ಇಂಗಳಿಕ, ಸುಟ್ಟ ಎಲುಬಿನ ಕಪ್ಪು ಮುಂತಾದ ವರ್ಣದ್ರವ್ಯಗಳನ್ನು ಇರಿಸಿ, ಅವುಗಳನ್ನು ಅಗಸೆಬೀಜದ ಎಣ್ಣೆಯಲ್ಲಿ ಅರೆದು ಬಣ್ಣ ಮಾಡುವ ವಿಧಾನವನ್ನು ಸಂದರ್ಶಕರಿಗೆ ತೋರಿಸುತ್ತಾರೆ. ಮೇಲಿನ ಅಟ್ಟದಲ್ಲಿ ಮರದ ಅಡ್ಡಗೋಡೆಗಳ ನಡುವೆ ಶಿಷ್ಯರು ಕೆಲಸ ಮಾಡುತ್ತಿದ್ದರು. ಕಾರೆಲ್ ಫ್ಯಾಬ್ರಿಷಿಯಸ್, ಸ್ಯಾಮ್ಯುಯೆಲ್ ಫಾನ್ ಹೋಖ್‌ಸ್ಟ್ರಾಟನ್, ನಿಕೋಲಾಸ್ ಮಾಸ್ ಈ ಮನೆಯಲ್ಲಿ ಕಲಿತವರು. ‘ರಾತ್ರಿ ಪಹರೆ’ ಈ ಕೋಣೆಗಳಿಗೆ ಹಿಡಿಸದಷ್ಟು ದೊಡ್ಡದು. ಹಿತ್ತಿಲಿನ ಅಂಗಳದಲ್ಲಿ ಕಟ್ಟಿಕೊಂಡ ಮಾಡಿನ ಕೆಳಗೆ ಅದನ್ನು ಬರೆದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

ಅದೇ ಮಹಡಿಯ ಹಿಂಬದಿಯ ಕೋಣೆಯೇ ಈ ಮನೆಯ ಅತ್ಯಂತ ಶ್ರೀಮಂತ ಭಾಗ. ಡಚ್ಚರು ಇದನ್ನು ‘ಕುನ್ಸ್ಟ್‌ಕಾಮರ್’ ಎನ್ನುತ್ತಾರೆ. ಸಮುದ್ರವ್ಯಾಪಾರದಿಂದ ಹಣ ಬಂದ ಆ ಕಾಲದಲ್ಲಿ ಅನುಕೂಲಸ್ಥರು ಪ್ರಕೃತಿಯ ಮತ್ತು ಮನುಷ್ಯನ ಕೈಚಳಕದ ಅಪರೂಪಗಳನ್ನು ಒಟ್ಟಿಗೆ ಕೂಡಿಡುತ್ತಿದ್ದ ಸಂಗ್ರಹಕೋಣೆ ಅದು. ರೆಂಬ್ರಾಂಟನ ಪಟ್ಟಿಯಲ್ಲಿ ರೋಮನ್ ಚಕ್ರವರ್ತಿಗಳ, ಹೋಮರ್ ಮತ್ತು ಸಾಕ್ರೆಟಿಸರ ಪ್ರತಿಮೆಗಳಿವೆ, ಜಪಾನಿನ ಶಿರಸ್ತ್ರಾಣವಿದೆ, ಸ್ವರ್ಗಪಕ್ಷಿಯಿದೆ, ಭೂಗೋಳಗಳಿವೆ, ಕಪ್ಪೆಚಿಪ್ಪು, ಶಂಖ, ಹವಳಗಳಿವೆ, ನೆಲದ ಮತ್ತು ನೀರಿನ ಜೀವಿಗಳ 47 ಮಾದರಿಗಳಿವೆ. ಇವಕ್ಕಿಂತ ಬೆಲೆಬಾಳುವುದು ಕಾಗದದ ಸಂಗ್ರಹ: ಮಾಂಟೆನ್ಯಾ, ರಾಫೆಲ್, ಮೈಕೆಲಾಂಜೆಲೊ, ಟಿಷಿಯನ್ ಮೊದಲಾದವರ ಕೃತಿಗಳ ಮುದ್ರಿತ ಪ್ರತಿಗಳನ್ನು ಅಂಟಿಸಿದ ದಪ್ಪ ಪುಸ್ತಕಗಳು. ಇಟಲಿಗೆ ಹೋಗಿ ಕಲಿತು ಬರುವುದು ಆ ಕಾಲದ ಯುರೋಪಿನ ಚಿತ್ರಕಾರರ ರೂಢಿಯಾಗಿತ್ತು; ಒಮ್ಮೆಯೂ ತನ್ನ ದೇಶ ಬಿಟ್ಟು ಹೋಗದ ರೆಂಬ್ರಾಂಟ್ ಇಟಲಿಯನ್ನು ಈ ಕೋಣೆಗೇ ತರಿಸಿಕೊಂಡನು. ಸಾಲವಿದ್ದಾಗಲೂ ಹರಾಜುಗಳಲ್ಲಿ ಚಿತ್ರಗಳಿಗೆ ಮಿತಿಮೀರಿ ಬೆಲೆ ಕೂಗುತ್ತಿದ್ದ ಅವನ ಸ್ವಭಾವವನ್ನು ಜೀವನಚರಿತ್ರೆಕಾರರು ದುಂದೆಂದು ದೂರಿದ್ದಾರೆ. ಆ ಕಪಾಟುಗಳ ಮುಂದೆ ನಿಂತಾಗ ಹಾಗೆನ್ನಿಸುವುದಿಲ್ಲ. ರೈತನಿಗೆ ಬಿತ್ತನೆಯ ಬೀಜ ಹೇಗೋ ಈ ಶಂಖಗಳೂ ಹಳೆಯ ಚಿತ್ರಗಳೂ ಅವನಿಗೆ ಹಾಗೆ ಇದ್ದವು.

ಇದಕ್ಕೆ ಸಾಕ್ಷಿ 1650ರಲ್ಲಿ ಅವನು ಮಾಡಿದ ಶಂಖದ ಸಣ್ಣ ಮುದ್ರಣಚಿತ್ರ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರದ ಬೆಚ್ಚನೆಯ ನೀರಿನಲ್ಲಿ ಸಿಗುವ, ಕಪ್ಪು ಮೈಯ ಮೇಲೆ ಬಿಳಿ ಮಚ್ಚೆಗಳಿರುವ ಶಂಕುವಿನಾಕಾರದ ಶಂಖ ಅದು. ತಾಮ್ರದ ತಗಡಿನ ಮೇಲೆ ಕಂಡಂತೆಯೇ ಕೊರೆದರೆ ಕಾಗದದ ಮೇಲೆ ಎಡಬಲಗಳು ಅದಲುಬದಲಾಗುತ್ತವೆ. ರೆಂಬ್ರಾಂಟ್ ತನ್ನ ಹೆಸರನ್ನು ತಗಡಿನ ಮೇಲೆ ತಿರುವುಮುರುವಾಗಿ ಬರೆದು ಮುದ್ರಣದಲ್ಲಿ ಸರಿಯಾಗಿ ಕಾಣುವಂತೆ ಮಾಡಿದನು, ಶಂಖವನ್ನು ಮಾತ್ರ ಕಂಡಂತೆ ಕೊರೆದನು. ಹೀಗಾಗಿ ಆ ಚಿತ್ರದ ಶಂಖದ ಸುತ್ತು ನಿಸರ್ಗದಲ್ಲಿರುವುದಕ್ಕೆ ವಿರುದ್ಧ ದಿಕ್ಕಿಗೆ ಹೋಗುತ್ತದೆ.

ಪಟ್ಟಿಯಲ್ಲಿ ವಿಚಿತ್ರವಾದ ಕಿರುಚಿತ್ರಗಳ ಪುಸ್ತಕವೊಂದರ ಉಲ್ಲೇಖವಿದೆ. ಅದು ಭಾರತದಿಂದ ಹೋದ ಮೊಗಲ್ ಶೈಲಿಯ ಚಿತ್ರಗಳ ಸಂಪುಟವಾಗಿರಬಹುದೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಅದೇನೇ ಇರಲಿ, ಸುಮಾರು 1656 ಮತ್ತು 1661ರ ನಡುವೆ ರೆಂಬ್ರಾಂಟ್ ಮೊಗಲ್ ಕಿರುಚಿತ್ರಗಳನ್ನು ಎದುರಿಗಿಟ್ಟುಕೊಂಡು, ಏಷ್ಯಾದಿಂದ ತರಿಸಿದ ನುಣುಪು ಕಾಗದದ ಮೇಲೆ ಬರೆದ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಉಳಿದಿವೆ. ಜಹಾಂಗೀರ್, ಷಹಜಹಾನ್, ಮರದಡಿ ಕುಳಿತ ನಾಲ್ವರು ಮುಲ್ಲಾಗಳು ಅವುಗಳಲ್ಲಿದ್ದಾರೆ. ಒಂದರಲ್ಲಿರುವುದು ವಿಜಯಪುರದ ಮುಹಮ್ಮದ್ ಆದಿಲ್ ಶಾಹನ ಮುಖವೆಂದು ಗುರುತಿಸಲಾಗಿದೆ. ಗೋಲ ಗುಮ್ಮಟವನ್ನು ಕಟ್ಟಿಸಿದ ಆ ದೊರೆ ತೀರಿಕೊಂಡದ್ದು ರೆಂಬ್ರಾಂಟನ ಆಸ್ತಿ ಪಟ್ಟಿಯಾದ 1656ರಲ್ಲಿಯೇ. ವಿಜಯಪುರಕ್ಕೂ ಡಚ್ಚರಿಗೂ ಇದ್ದ ಈ ನಂಟು ಆಕಸ್ಮಿಕವೇನಲ್ಲ. ಅದಕ್ಕೂ ಮೊದಲು ಹಾರ್ಲೆಂ ನಗರದ ಚಿತ್ರಕಾರ ಕಾರ್ನೆಲಿಸ್ ಹೇಡಾ ವಿಜಯಪುರಕ್ಕೆ ಬಂದು ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿ ವರ್ಷಗಟ್ಟಲೆ ಇದ್ದನು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಮೆಣಸು, ಬಟ್ಟೆಗಳೊಡನೆ ಚಿತ್ರಗಳನ್ನೂ ಹೊತ್ತೊಯ್ಯುತ್ತಿದ್ದವು. ಬೇರೆಯವರಿಗೆ ಕೌತುಕದ ಸರಕಾಗಿದ್ದ ಆ ಚಿತ್ರಗಳನ್ನು ರೆಂಬ್ರಾಂಟ್ ರಾಫೆಲನನ್ನು ನೋಡಿದ ಗಮನದಿಂದಲೇ ನೋಡಿದನು, ಉಡುಪಿನ ನೆರಿಗೆಯನ್ನೂ ನಿಂತ ಭಂಗಿಯನ್ನೂ ಕಲಿಯಬೇಕಾದ ಪಾಠವೆಂದು ಬಗೆದನು. ಕನ್ನಡದ ಪ್ರವಾಸಿಗೆ ಈ ಕೋಣೆ ದೂರದ್ದೆನಿಸದೆ ಇರುವುದಕ್ಕೆ ಇದೇ ಕಾರಣ.

ಈ ಮನೆಯಲ್ಲಿ ರೆಂಬ್ರಾಂಟನ ಕೈಯಿಂದಲೇ ಬಂದದ್ದನ್ನು ನೋಡಬೇಕೆಂದರೆ ಎಚ್ಚಿಂಗ್‌ಗಳ ಕಡೆಗೆ ತಿರುಗಬೇಕು. ಎಚ್ಚಿಂಗ್ ಎಂದರೆ ತಾಮ್ರದ ತಗಡಿಗೆ ಮೇಣ ಮತ್ತು ರಾಳ ಬೆರೆಸಿದ ತೆಳುಲೇಪ ಕೊಟ್ಟು, ಅದರ ಮೇಲೆ ಸೂಜಿಯಿಂದ ಗೆರೆ ಎಳೆದು, ತಗಡನ್ನು ಆಮ್ಲದಲ್ಲಿ ಮುಳುಗಿಸುವ ವಿಧಾನ. ಲೇಪ ಕಿತ್ತುಹೋದ ಗೆರೆಗಳಲ್ಲಿ ಮಾತ್ರ ಆಮ್ಲ ತಾಮ್ರವನ್ನು ಕೊರೆಯುತ್ತದೆ. ಆಮೇಲೆ ಲೇಪ ತೆಗೆದು, ಕೊರೆದ ಗೆರೆಗಳಿಗೆ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ತೇವದ ಕಾಗದವಿಟ್ಟು ಎರಡು ಉರುಳೆಗಳ ನಡುವೆ ಒತ್ತಿದರೆ ಚಿತ್ರ ಮೂಡುತ್ತದೆ. ರೆಂಬ್ರಾಂಟ್ ಮಾಡಿದ ಸುಮಾರು 290 ಎಚ್ಚಿಂಗ್‌ಗಳಲ್ಲಿ ಬಹುಪಾಲು ಈ ಸಂಗ್ರಹಾಲಯದಲ್ಲಿವೆ. ಬೆಳಕಿಗೆ ಕಾಗದ ಹಾಳಾಗುವುದರಿಂದ ಎಲ್ಲವನ್ನೂ ಒಟ್ಟಿಗೆ ತೆರೆದಿಡುವುದಿಲ್ಲ, ಸರದಿಯ ಮೇಲೆ ಕೆಲವನ್ನು ತೋರಿಸುತ್ತಾರೆ. ಭಿಕ್ಷುಕರು, ಮುದುಕಿಯರು, ಕಾಲುವೆಯ ದಂಡೆಯ ಮರಗಳು, ತನ್ನದೇ ಮುಖದ ನಾನಾ ಭಾವಗಳು ಅಂಗೈ ಅಗಲದ ಕಾಗದದಲ್ಲಿ ಇವೆ. ಒಮ್ಮೆ ಮುದ್ರಿಸಿದ ತಗಡನ್ನು ಮತ್ತೆ ಮತ್ತೆ ತಿದ್ದಿ, ಒಂದೇ ಚಿತ್ರವನ್ನು ಹಗಲಿನಿಂದ ಇರುಳಿಗೆ ಒಯ್ಯುವಷ್ಟು ಬದಲಿಸುತ್ತಿದ್ದುದನ್ನು ಇಲ್ಲಿ ಪಕ್ಕಪಕ್ಕದಲ್ಲಿ ನೋಡಬಹುದು. ಮನೆಯ ಉಳಿದೆಲ್ಲವನ್ನು ಅವಸರದಲ್ಲಿ ನೋಡಿದರೂ ಇವುಗಳ ಮುಂದೆ ನಿಧಾನಿಸಬೇಕು.

1653ರ ಹೊತ್ತಿಗೆ ಇಂಗ್ಲೆಂಡಿನೊಡನೆ ನಡೆಯುತ್ತಿದ್ದ ಯುದ್ಧದಿಂದ ಆಮ್‌ಸ್ಟರ್‌ಡಾಮಿನ ವ್ಯಾಪಾರ ಕುಸಿದಿತ್ತು, ಮನೆ ಮಾರಿದವರು ಬಾಕಿಗಾಗಿ ಪಟ್ಟು ಹಿಡಿದರು. ರೆಂಬ್ರಾಂಟ್ ಆ ಸಾಲ ತೀರಿಸಲು ಬೇರೆಯವರಲ್ಲಿ ಸಾಲ ಮಾಡಿದನು. 1656ರಲ್ಲಿ ತನ್ನ ಸ್ವತ್ತನ್ನೆಲ್ಲ ಸಾಲ ಕೊಟ್ಟವರಿಗೆ ತಾನಾಗಿ ಬಿಟ್ಟುಕೊಡುವ ಕಾನೂನಿನ ಮೊರೆಹೊಕ್ಕನು. ಅದರಿಂದ ಸೆರೆವಾಸ ತಪ್ಪಿತು, ಬೇರೇನೂ ಉಳಿಯಲಿಲ್ಲ. 1658ರಲ್ಲಿ ಮನೆ 11,218 ಗಿಲ್ಡರ್‌ಗಳಿಗೆ ಹರಾಜಾಯಿತು. ನಗರದ ಪಶ್ಚಿಮಕ್ಕೆ ರೋಜೆನ್‌ಖ್ರಾಖ್ಟ್ ಕಾಲುವೆಯ ಬಳಿ ಬಾಡಿಗೆ ಮನೆ ಹಿಡಿದ ಅವನು ತನ್ನ ಬದುಕಿನ ಅತ್ಯಂತ ಆಳವಾದ ಚಿತ್ರಗಳಲ್ಲಿ ಕೆಲವನ್ನು ಅಲ್ಲಿ ಬರೆದನು. ಹೆಂಡ್ರಿಕಿಯಾ 1663ರಲ್ಲಿ, ಟೀಟಸ್ 1668ರಲ್ಲಿ ತೀರಿಕೊಂಡರು. 1669ರ ಅಕ್ಟೋಬರ್ 4ರಂದು ಅವನೂ ಹೋದನು. ವೆಸ್ಟರ್‌ಕೆರ್ಕ್ ಚರ್ಚಿನಲ್ಲಿ ಅವನನ್ನು ಹೂಳಿದ ಜಾಗಕ್ಕೆ ಗುರುತಿನ ಕಲ್ಲು ಇರಲಿಲ್ಲ.

ಹರಾಜಿನ ನಂತರ ಎರಡು ಭಾಗವಾಗಿ, ಮೇಲೊಂದು ಅಂತಸ್ತು ಹೊತ್ತು, ಬಾಡಿಗೆದಾರರ ಕೈಯಲ್ಲಿ ಸವೆದಿದ್ದ ಮನೆಯನ್ನು ರೆಂಬ್ರಾಂಟನ ಮುನ್ನೂರನೆಯ ಜನ್ಮವರ್ಷವಾದ 1906ರಲ್ಲಿ ನಗರಸಭೆ ಕೊಂಡುಕೊಂಡಿತು. ವಾಸ್ತುಶಿಲ್ಪಿ ದ ಬಾಜೆಲ್ ಅದನ್ನು ದುರಸ್ತಿ ಮಾಡಿಸಿದ ಮೇಲೆ, 1911ರಲ್ಲಿ ರಾಣಿ ವಿಲ್ಹೆಲ್ಮಿನಾ ಸಂಗ್ರಹಾಲಯವನ್ನು ಉದ್ಘಾಟಿಸಿದಳು. ಹಳೆಯ ಮನೆಯ ಅನುಕರಣೆ ಮಾಡುವುದು ದ ಬಾಜೆಲನಿಗೆ ಇಷ್ಟವಿರಲಿಲ್ಲ. ಎಚ್ಚಿಂಗ್‌ಗಳನ್ನು ತೋರಿಸಲು ತಕ್ಕ ಸರಳ ಕೋಣೆಗಳನ್ನು ಅವನು ರೂಪಿಸಿದನು. 1990ರ ದಶಕದ ಕೊನೆಯಲ್ಲಿ ಪಕ್ಕದಲ್ಲಿ ಹೊಸ ಕಟ್ಟಡ ಬಂದ ಮೇಲೆ, ಹಳೆಯ ಮನೆಯನ್ನು 1656ರ ಪಟ್ಟಿಗೆ ಅನುಸಾರವಾಗಿ ಒಳಗಿನಿಂದ ಮರುರಚಿಸಲಾಯಿತು. ಮೂಲ ವಸ್ತುಗಳಿಲ್ಲದ ಕಡೆ ಊಹೆಯಿಂದ ತುಂಬುವುದು ಚರಿತ್ರೆಗೆ ಮಾಡುವ ಅಪಚಾರವೆಂಬ ಆಕ್ಷೇಪಕ್ಕೆ ಬಲವಿದೆ, ಮತ್ತು ಎಷ್ಟೋ ಸ್ಮಾರಕಗಳಲ್ಲಿ ಅದು ನಿಜವೂ ಹೌದು. ಇಲ್ಲಿ ಮಾತ್ರ ಮರುರಚನೆ ಒಪ್ಪತಕ್ಕದ್ದು, ಏಕೆಂದರೆ ಅದು ಭಕ್ತಿಯ ಕಲ್ಪನೆಯಿಂದ ಹುಟ್ಟಿಲ್ಲ, ಎರಡು ದಿನ ಕೂತು ಬರೆದ ಸರ್ಕಾರಿ ದಾಖಲೆಯ ಆಧಾರದಲ್ಲಿ ಹುಟ್ಟಿದೆ, ಮತ್ತು ಇವು ಆ ಕಾಲದ ವಸ್ತುಗಳೇ ಹೊರತು ರೆಂಬ್ರಾಂಟನವಲ್ಲ ಎಂಬುದನ್ನು ಸಂಗ್ರಹಾಲಯ ಮುಚ್ಚಿಡುವುದಿಲ್ಲ.

ಆಮ್‌ಸ್ಟರ್‌ಡಾಮಿಗೆ ಹೋಗುವ ಕನ್ನಡಿಗರು ರೈಕ್ಸ್‌ಮ್ಯೂಸಿಯಮ್ಮಿನಲ್ಲಿ ‘ರಾತ್ರಿ ಪಹರೆ’ಯನ್ನು ನೋಡಿ, ಕಾಲುವೆಗಳಲ್ಲಿ ದೋಣಿಯೇರಿ ಮರಳುವುದೇ ಹೆಚ್ಚು. ಅವರು ಅರ್ಧ ದಿನವನ್ನು ಈ ಮನೆಗಾಗಿ ತೆಗೆದಿಡಬೇಕು; ಹೋಗುವ ಮುನ್ನ ಆ 363 ನಮೂದುಗಳ ಪಟ್ಟಿಯನ್ನು ಒಮ್ಮೆ ಓದಿಕೊಂಡು, ಅದರ ಕ್ರಮದಲ್ಲಿಯೇ ಕೋಣೆಯಿಂದ ಕೋಣೆಗೆ ನಡೆದು, ಸಂಗ್ರಹಕೋಣೆಗೂ ಎಚ್ಚಿಂಗ್‌ಗಳಿಗೂ ಉಳಿದವುಗಳಿಗಿಂತ ಹೆಚ್ಚು ಹೊತ್ತು ಕೊಡಬೇಕು.